ಮಸ್ಕಿ ಬಂಡೆಯ ಮೇಲಿನ ‘ಕಾಣು’

ನಮ್ಮ ಕಡೆಯ ಹೈಸ್ಕೂಲು ಪರೀಕ್ಷೆಗಳಲ್ಲಿ ತಲೆಮಾರುಗಳಿಂದ ಕೇಳುತ್ತ ಬಂದ ಪ್ರಶ್ನೆಯೊಂದಿದೆ: ಮಸ್ಕಿ ಶಾಸನದ ಮಹತ್ವವೇನು? ಗೈಡಿನಲ್ಲಿ ಉತ್ತರ ಒಂದೇ ಸಾಲು. ಅದರಲ್ಲಿ ಅಶೋಕ ಎಂಬ ಹೆಸರಿದೆ. ಅಷ್ಟು ಬರೆದರೆ ಎರಡು ಅಂಕ, ಪೂರಾ. ನಾವೂ ಹಾಗೇ ಬರೆದು ಪಾಸಾದವರು. ನಮ್ಮಲ್ಲಿ ಕೆಲವರು ಈಗ ಮಾಸ್ತರಾಗಿ ಅದೇ ಉತ್ತರಕ್ಕೆ ಅದೇ ಎರಡು ಅಂಕ ಹಾಕುತ್ತಿದ್ದೇವೆ. ಆ ಹೆಸರಿನ ಮುಂದೆ ಇನ್ನೇನು ಕೊರೆದಿದೆ, ಯಾರಿಗಾಗಿ ಕೊರೆದಿದೆ ಅಂತ ಕೇಳಿದ ಹುಡುಗನೂ ಇಲ್ಲ, ಹೇಳಿದ ಮಾಸ್ತರೂ ಇಲ್ಲ.

ಶಾಸನ ಎಂಟು ಸಾಲಿನದು. ಹೆಸರು ಇರೋದು ಮೊದಲ ಸಾಲಿನಲ್ಲಿ. ಮಿಕ್ಕ ಏಳು ಸಾಲನ್ನು ನಾವೆಲ್ಲ ಸೇರಿ ಬಂಡೆಗೇ ಬಿಟ್ಟು ಬಂದಿದ್ದೇವೆ. ಅಲ್ಲಿರುವ ಒಂದು ಕ್ರಿಯಾಪದದ ಬಗ್ಗೆ ಈ ಬರಹ.

ಅದಕ್ಕೆ ಮೊದಲು ಒಂದು ಚಹದಂಗಡಿಯ ವಿಷಯ ಹೇಳಬೇಕು. ನಾವು ಐದಾರು ಮಂದಿ, ಇಬ್ಬರು ಮಾಸ್ತರು, ಉಳಿದವರು ವಿದ್ಯಾರ್ಥಿಗಳು, ಶಾಸನ ನೋಡಲೆಂದೇ ಸಿಂಧನೂರಿನಿಂದ ಮಸ್ಕಿಗೆ ಹೊರಟಿದ್ದೆವು. ದಾರಿಯ ಒಂದು ಹಳ್ಳಿಯಲ್ಲಿ ಇಳಿದು ಚಹ ಹೇಳಿದೆವು. ಅಂಗಡಿಯವನು ಆರು ಗಾಜಿನ ಗ್ಲಾಸು ತೊಳೆದು ಸಾಲಾಗಿ ಇಟ್ಟ. ಇಡುತ್ತ ಕೇಳಿದ:

“ಯಾ ಊರ್ರೀ?”

“ಇಲ್ಲೇ, ಸಿಂಧನೂರ ಕಡೆಯವ್ರು.”

“ಅಲ್ಲ, ಯಾರ ಪೈಕಿ ಆತು?”

ನಮ್ಮಲ್ಲೊಬ್ಬ ಮುಚ್ಚುಮರೆ ಇಲ್ಲದೆ ಕೇರಿಯ ಹೆಸರು ಹೇಳಿದ. ಅಂಗಡಿಯವನು ಸಿಟ್ಟಾಗಲಿಲ್ಲ, ಬೈಯಲಿಲ್ಲ. ಗ್ಲಾಸುಗಳನ್ನು ಒಂದೊಂದಾಗಿ ಹಿಂದಕ್ಕಿಟ್ಟು ಕಾಗದದ ಕಪ್ಪಿನ ಕಟ್ಟು ಬಿಚ್ಚಿದ. “ಇದಾದ್ರ ಸ್ವಚ್ಛ ಇರ್ತೈತ್ರೀ” ಅಂದ. ಪಕ್ಕದ ಬೆಂಚಿನವರ ಕೈಯಲ್ಲಿ ಗಾಜಿನ ಗ್ಲಾಸೇ ಇತ್ತು. ಹಿಂದೆ ತೆಂಗಿನ ಚಿಪ್ಪು ಇತ್ತು, ಆಮೇಲೆ ಸೂರಿಗೆ ಸಿಕ್ಕಿಸಿದ ಬೇರೆ ಲೋಟ ಬಂತು, ಈಗ ಕಾಗದದ ಕಪ್ಪು. ಕಾಯಿದೆಯ ಕೈಗೆ ಸಿಗದ ಹಾಗೆ ಅಸ್ಪೃಶ್ಯತೆಯೂ ಸ್ವಚ್ಛವಾಗಿಬಿಟ್ಟಿದೆ.

ಈ ಪ್ರಸಂಗದಲ್ಲಿ ನಮ್ಮನ್ನು ಕಾಡಿದ್ದು ಅವಮಾನವಷ್ಟೇ ಅಲ್ಲ, ಅದು ಹಳೆಯದು. ಕಾಡಿದ್ದು ಬೇರೆ. ಆ ಮನುಷ್ಯನ ಕಣ್ಣು ನಮ್ಮನ್ನು ಎರಡು ನಿಮಿಷ ಮೊದಲೂ ಕಂಡಿತ್ತು. ಅದೇ ಮುಖ, ಅದೇ ಅಂಗಿ, ಅದೇ ಧೂಳು ಹತ್ತಿದ ಚಪ್ಪಲಿ. ಕಣ್ಣಿಗೆ ಬಿದ್ದದ್ದು ಒಂದು ಕೂದಲಿನಷ್ಟೂ ಬದಲಾಗಲಿಲ್ಲ. ಕಿವಿಗೆ ಒಂದು ಶಬ್ದ ಬಿತ್ತು, ಅಷ್ಟೇ. ಆ ಶಬ್ದದ ನಂತರ ಅವನು ನಮ್ಮಲ್ಲಿ ಮೊದಲು ಕಾಣದಿದ್ದ ಏನನ್ನೋ ‘ಕಂಡ’. ಏನನ್ನು ಕಂಡ?

ಇದು ಸಣ್ಣ ಪ್ರಶ್ನೆಯಲ್ಲ. ಈ ದೇಶದ ದೊಡ್ಡ ತಲೆಗಳು ನೂರಾರು ವರ್ಷ ಇದನ್ನೇ ಹಿಡಿದು ಜಗಳಾಡಿವೆ. ಆ ಜಗಳಕ್ಕೆ ಆಮೇಲೆ ಬರುತ್ತೇವೆ. ಮೊದಲು ಬಂಡೆ.

ಮಸ್ಕಿ ಊರ ಪಕ್ಕದ ಗುಡ್ಡದಲ್ಲಿ, ಗವಿಯಂಥ ಒಂದು ಜಾಗದಲ್ಲಿ ಆ ಬಂಡೆ ಇದೆ. 1915ರವರೆಗೆ ಅದು ಬರೀ ಬಂಡೆ. ದನ ಮೇಯಿಸುವವರು, ಕಟ್ಟಿಗೆ ಆರಿಸುವವರು, ಮಳೆ ಬಂದರೆ ಒಳಗೆ ನುಗ್ಗಿ ಕೂರುವವರು, ಎಲ್ಲರ ಕಣ್ಣೆದುರಿಗೇ ಇದ್ದದ್ದು. ಆ ವರ್ಷ ಸಿ. ಬೀಡನ್ ಎಂಬ ಗಣಿ ಎಂಜಿನಿಯರು ನಿಜಾಮನ ಸೀಮೆಯಲ್ಲಿ ಚಿನ್ನದ ಅದಿರು ಹುಡುಕುತ್ತ ಬಂದವನು ಅಕ್ಷರ ಗಮನಿಸಿದ. ಎಚ್. ಕೃಷ್ಣಶಾಸ್ತ್ರಿಗಳು ಓದಿ, ಹೈದರಾಬಾದ್ ಪುರಾತತ್ವ ಮಾಲೆಯ ಮೊದಲ ಪುಸ್ತಕವಾಗಿ ಅದೇ ವರ್ಷ ಪ್ರಕಟಿಸಿದರು. ಅಂದಿನಿಂದ ನಮ್ಮ ಊರಿಗೆ ಚರಿತ್ರೆ ಬಂತು. ಅದಕ್ಕೆ ಮೊದಲು ಆ ಕಲ್ಲನ್ನು ದಿನಾ ಕಂಡವರ ಕಾಣಿಕೆಗೆ ‘ಶೋಧ’ ಎಂಬ ಹೆಸರಿಲ್ಲ. ನಾವು ಬೀಡನ್ನನ ಶ್ರಮವನ್ನು ಕಡಿಮೆ ಮಾಡುತ್ತಿಲ್ಲ. ಕಂಡವರು ಯಾರು, ಕಂಡರು ಅಂತ ಬರೆಸಿಕೊಂಡವರು ಯಾರು, ಇವೆರಡೂ ಒಂದೇ ಅಲ್ಲ ಅನ್ನೋದನ್ನು ಗುರುತು ಹಾಕಿಕೊಳ್ಳುತ್ತಿದ್ದೇವೆ.

ಹಾಗೆ ನೋಡಿದರೆ ಬ್ರಾಹ್ಮಿ ಲಿಪಿಯ ಮುಂದೆ ಒಂದು ಕಾಲಕ್ಕೆ ಎಲ್ಲರೂ ಹೆಬ್ಬೆಟ್ಟೇ. 14ನೆಯ ಶತಮಾನದಲ್ಲಿ ಫಿರೋಜ್ ಷಾ ತುಘಲಕ್ ಅಶೋಕನ ಕಂಬಗಳನ್ನು ದಿಲ್ಲಿಗೆ ಸಾಗಿಸಿ, ಏನು ಬರೆದಿದೆ ಓದಿ ಅಂತ ಪಂಡಿತರನ್ನು ಕರೆಸಿದರೆ ಒಬ್ಬರಿಗೂ ಬರಲಿಲ್ಲ. ಅಕ್ಷರವನ್ನು ಪೆಟ್ಟಿಗೆಯಲ್ಲಿಟ್ಟು ಬೀಗ ಹಾಕಿದವರು ಕೀಲಿಯನ್ನೂ ಕಳೆದುಕೊಂಡಿದ್ದರು. 1837ರಲ್ಲಿ ಜೇಮ್ಸ್ ಪ್ರಿನ್ಸೆಪ್ ಲಿಪಿ ಒಡೆದ. ಓದಿದಾಗ ಸಿಕ್ಕಿದ್ದು ‘ದೇವಾನಂಪಿಯ ಪಿಯದಸಿ’ ಎಂಬ ಬಿರುದು. ಈತ ಯಾರು? ಸಿಂಹಳದಲ್ಲಿದ್ದ ಜಾರ್ಜ್ ಟರ್ನರ್ ಅಲ್ಲಿನ ಬೌದ್ಧ ಗ್ರಂಥಗಳನ್ನು ನೋಡಿ, ಪಿಯದಸಿ ಅಂದರೆ ಅಶೋಕ ಎಂದ. ಎಪ್ಪತ್ತೆಂಟು ವರ್ಷ ವಿದ್ವಾಂಸರು ಈ ಮಾತಿನ ಮೇಲೆ ನಿಂತಿದ್ದರು. ಶಾಸ್ತ್ರದ ಭಾಷೆಯಲ್ಲಿ ಹೇಳುವುದಾದರೆ ಗ್ರಂಥದ ಶಬ್ದಪ್ರಮಾಣ ಇತ್ತು, ಅದರ ಮೇಲೆ ಕಟ್ಟಿದ ಅನುಮಾನ ಇತ್ತು, ಕಣ್ಣಾರೆ ಕಾಣುವ ಪ್ರತ್ಯಕ್ಷ ಇರಲಿಲ್ಲ. ಮಸ್ಕಿಯ ಬಂಡೆ ಆ ಪ್ರತ್ಯಕ್ಷ ಕೊಟ್ಟಿತು: ದೇವಾನಂಪಿಯ ಅಶೋಕ. ಆಮೇಲೆ ಮಧ್ಯಪ್ರದೇಶದ ಗುಜರ್ರಾದಲ್ಲಿ ಆ ಹೆಸರು ಸಿಕ್ಕಿತು. 1970ರ ದಶಕದ ಕೊನೆಗೆ ನಮ್ಮ ಸಿಂಧನೂರಿನಿಂದ ತುಂಗಭದ್ರೆ ದಾಟಿದರೆ ಸಿಗುವ ಸಿರುಗುಪ್ಪ ಸೀಮೆಯ ನಿಟ್ಟೂರು, ಉಡೇಗೊಳಂಗಳಲ್ಲೂ ಸಿಕ್ಕಿತು. ಹೆಸರಿನ ಸುದ್ದಿ ಇಷ್ಟೇ. ಎರಡು ಅಂಕಕ್ಕೆ ಸರಿಹೋಯಿತು.

ಇನ್ನು ಉಳಿದ ಸಾಲು. ಕ್ರಿ.ಪೂ. 3ನೆಯ ಶತಮಾನದಲ್ಲಿ ಆ ದೊರೆ ಹೇಳೋದು ಇದು: ತಾನು ಬುದ್ಧನ ಉಪಾಸಕನಾಗಿ ಎರಡೂವರೆ ವರ್ಷದ ಮೇಲಾಯಿತು, ಸಂಘಕ್ಕೆ ಹೋಗಿ ಶ್ರಮಪಟ್ಟದ್ದು ಇತ್ತೀಚೆಗೆ, ಮೊದಲು ಬೆರೆಯದಿದ್ದ ದೇವರುಗಳು ಈಗ ಜಂಬೂದ್ವೀಪದಲ್ಲಿ ಮನುಷ್ಯರೊಡನೆ ಬೆರೆತಿದ್ದಾರೆ. (ದೇವರು ಮನುಷ್ಯರ ಜೊತೆ ಬೆರೆತದ್ದಾಯಿತು, ಮನುಷ್ಯರು ಮನುಷ್ಯರ ಜೊತೆ ಬೆರೆಯೋದು ಬಾಕಿ.) ಆಮೇಲೆ ಬರುತ್ತದೆ ಮುಖ್ಯ ಮಾತು. ಧಮ್ಮದಲ್ಲಿ ತೊಡಗಿದ ‘ಖುದಕ’ನೂ, ಅಂದರೆ ಸಣ್ಣವನೂ, ಇದನ್ನು ಪಡೆಯಬಲ್ಲ. ‘ಉಡಾಲಕ’, ಅಂದರೆ ದೊಡ್ಡವನು, ಮಾತ್ರ ಪಡೆದಾನು ಎಂದು ಕಾಣಬಾರದು. ಸಣ್ಣವರಿಗೂ ದೊಡ್ಡವರಿಗೂ ಇದನ್ನು ಹೇಳಬೇಕು.

‘ನ ಹೇವಂ ದಖಿತವಿಯೇ’ ಎಂದಿದೆ ಬಂಡೆಯಲ್ಲಿ. ಹಾಗೆ ಕಾಣತಕ್ಕದ್ದಲ್ಲ. ಇದೇ ಆಜ್ಞೆಯ ಬ್ರಹ್ಮಗಿರಿಯ ಪಾಠದಲ್ಲಿ ದೊಡ್ಡವರಿಗೆ ಮಾತ್ರ ಸಾಧ್ಯ ಅಂತಲ್ಲ ಎಂಬ ಧಾಟಿ ಇದೆ. ಅಲ್ಲಿ ಮಾತು ಸಾಧ್ಯ-ಅಸಾಧ್ಯದ್ದು. ಮಸ್ಕಿಯಲ್ಲಿ ಮಾತು ಕಣ್ಣಿನದು. ನಮ್ಮ ಭಾಷೆ ಬಲ್ಲವರಿಗೆ ಇದನ್ನು ಬಿಡಿಸಿ ಹೇಳಬೇಕಾಗಿಲ್ಲ. ‘ಕಾಣು’ ಎಂಬ ಮಾತಿಗೆ ಕನ್ನಡದಲ್ಲೂ ಎರಡು ಕೆಲಸ. ಗುಡ್ಡ ಕಾಣುತ್ತದೆ ಅನ್ನುತ್ತೇವೆ. ನಮ್ಮನ್ನು ಕೀಳಾಗಿ ಕಾಣುತ್ತಾರೆ ಅಂತಲೂ ಅನ್ನುತ್ತೇವೆ. ಒಂದು ಕಣ್ಣಿನ ಕೆಲಸ, ಇನ್ನೊಂದು ಸಮಾಜದ ಕೆಲಸ. ಎರಡನೆಯದು ಮೊದಲನೆಯದರ ವೇಷ ಹಾಕಿಕೊಂಡು ಬರುತ್ತದೆ. ಕೀಳಾಗಿ ಕಾಣುವವನಿಗೆ ತಾನು ಇದ್ದದ್ದನ್ನೇ ಕಾಣುತ್ತಿದ್ದೇನೆ ಅನ್ನಿಸುತ್ತಿರುತ್ತದೆ.

ಈಗ ದೊಡ್ಡ ತಲೆಗಳ ಜಗಳ. ಸುಮಾರು 7ನೆಯ ಶತಮಾನದ ಮೀಮಾಂಸಕ ಕುಮಾರಿಲ ಭಟ್ಟನಿಗೆ ಒಂದು ತೊಡಕು ಎದುರಾಯಿತು. ಹಸು ಬೇರೆ, ಕುದುರೆ ಬೇರೆ, ಅದು ಕಣ್ಣಿಗೇ ಗೊತ್ತಾಗುತ್ತದೆ. ಬ್ರಾಹ್ಮಣ ಬೇರೆ, ಶೂದ್ರ ಬೇರೆ ಅನ್ನೋದು ಕಣ್ಣಿಗೆ ಎಲ್ಲಿ ಗೊತ್ತಾಗುತ್ತದೆ? ಕುಮಾರಿಲ ಸೋಲಲಿಲ್ಲ. ತಂದೆತಾಯಿಯ ಕುಲ ತಿಳಿದ ಮೇಲೆ ಅದೂ ಪ್ರತ್ಯಕ್ಷವಾಗಿಯೇ ಕಾಣುತ್ತದೆ ಎಂಬ ಅರ್ಥದಲ್ಲಿ ವಾದ ಹೂಡಿದ. ಅಂದರೆ ಮೊದಲು ಕೇಳು, ಆಮೇಲೆ ಕಾಣು. ನಮ್ಮ ಚಹದಂಗಡಿಯವನು ಕುಮಾರಿಲನ ಹೆಸರು ಕೇಳಿದವನಲ್ಲ. ಆದರೆ ಅವನ ಕೈ ಗ್ಲಾಸಿನಿಂದ ಕಪ್ಪಿಗೆ ಸರಿದದ್ದು ಇದೇ ತರ್ಕದ ದಾರಿಯಲ್ಲಿ.

ಎದುರು ಪಕ್ಷ ಬೌದ್ಧರದು. ದಿಙ್ನಾಗ ಪ್ರತ್ಯಕ್ಷಕ್ಕೆ ಒಂದು ಕಟ್ಟುನಿಟ್ಟಿನ ಗಡಿ ಹಾಕಿದ. ಕಣ್ಣು ಕಂಡದ್ದಷ್ಟೇ ಪ್ರತ್ಯಕ್ಷ; ಅದಕ್ಕೆ ಹೆಸರು, ಜಾತಿ, ಗುಣ, ಕ್ರಿಯೆ, ದ್ರವ್ಯ ಅಂತ ಅಂಟಿಸುವುದು ಮನಸ್ಸಿನ ಕಲ್ಪನೆ. ಇಲ್ಲಿ ‘ಜಾತಿ’ ಅಂದರೆ ಹಸುತನ, ಮರತನದಂಥ ಸಾಮಾನ್ಯ. ಅದನ್ನು ನೇರವಾಗಿ ನಮ್ಮ ಕುಲದ ಜಾತಿಗೆ ಹಚ್ಚಿ ಚಪ್ಪಾಳೆ ಗಿಟ್ಟಿಸುವ ಭಾಷಣಕಾರರನ್ನು ನಾವು ಕಂಡಿದ್ದೇವೆ, ಅದು ಸರಿಯಲ್ಲ. ಆದರೆ ಅವನ ಪರಂಪರೆಯ ಧರ್ಮಕೀರ್ತಿಗೆ ಯಾವ ಮುಲಾಜೂ ಇರಲಿಲ್ಲ. ಬುದ್ಧಿಗೇಡಿತನದ ಐದು ಗುರುತುಗಳನ್ನು ಎಣಿಸುವಾಗ ಜಾತಿಯ ಸೊಕ್ಕನ್ನೂ ಅವನು ಅದರಲ್ಲಿ ಸೇರಿಸಿದ. ಈ ಜಗಳ ನಮ್ಮ ಕಾಲೇಜಿನ ತತ್ವಶಾಸ್ತ್ರದ ಪಾಠದಲ್ಲಿ ಹಗ್ಗ-ಹಾವಿನ ದೃಷ್ಟಾಂತವಾಗಿ ಸೊರಗಿ ಹೋಗಿದೆ. ಹಗ್ಗವನ್ನು ಹಾವು ಅಂತ ಕಂಡವನು ಹೆಚ್ಚೆಂದರೆ ಓಡುತ್ತಾನೆ. ಮನುಷ್ಯನನ್ನು ಮೈಲಿಗೆ ಅಂತ ಕಂಡವನು ಬಾವಿಗೆ ಬೇಲಿ ಹಾಕುತ್ತಾನೆ.

ಲಿಂಗಸುಗೂರು ಸೀಮೆಯ ಒಂದು ಉದಾಹರಣೆ ಕೊಡುತ್ತೇವೆ. ಕೇರಿಯ ಹುಡುಗಿಯೊಬ್ಬಳ ತಲೆಯಲ್ಲಿ ಕೂದಲು ಗಂಟುಕಟ್ಟುತ್ತದೆ. ಎಣ್ಣೆ ಇಲ್ಲ, ನೀರಿಲ್ಲ, ಬಾಚಣಿಕೆ ಹಾಕಲು ಹೊತ್ತಿಲ್ಲ, ಗಂಟು ಜಡೆಯಾಗುತ್ತದೆ. ಕಣ್ಣಿಗೆ ಕಾಣೋದು ಇಷ್ಟು. ಆದರೆ ಊರು ಹೇಳುತ್ತದೆ, “ಅವ್ವ ಜಡಿ ಇಳಿಸ್ಯಾಳ, ಕರದಾಳ.” ಅಲ್ಲಿಗೆ ಆ ಹುಡುಗಿಯ ಬಾಳಿಗೆ ಮುತ್ತು ಕಟ್ಟಿದಂತೆ. ಕೂದಲು ಪ್ರತ್ಯಕ್ಷ, ದೇವಿಯ ಕರೆ ಶಬ್ದ, ನಡುವೆ ಇರೋದು ಊರ ಗೌಡರ ಹಿತಾಸಕ್ತಿ. ಒಡೆಯನ ಮನೆಯ ಹುಡುಗಿಯ ಕೂದಲು ಗಂಟಾದರೆ ಅದು ಗಂಟೇ. ಎಣ್ಣೆ ಹಚ್ಚಿ ಬಿಡಿಸುತ್ತಾರೆ. 1982ರಲ್ಲಿ ಕರ್ನಾಟಕ ಸರ್ಕಾರ ದೇವದಾಸಿ ಸಮರ್ಪಣೆ ನಿಷೇಧಿಸಿ ಕಾಯಿದೆ ಮಾಡಿತು. ಕಾಯಿದೆ ಮುತ್ತು ಕಟ್ಟುವುದನ್ನು ನಿಷೇಧಿಸಬಹುದು, ಕೂದಲಿನಲ್ಲಿ ಅವ್ವನನ್ನು ಕಾಣುವ ಕಣ್ಣನ್ನು ಹೇಗೆ ನಿಷೇಧಿಸೀತು? ಜಡೆ ಕತ್ತರಿಸಲು ಕತ್ತರಿ ಹಿಡಿದು ಹೋದ ನಮ್ಮ ಗೆಳತಿಯರಿಗೆ ಗೊತ್ತು ಅದರ ಕಷ್ಟ. ಮೊದಲು ವಾರಗಟ್ಟಲೆ ಮಾತು, ಕತ್ತರಿಯ ಕೆಲಸ ಒಂದು ಗಳಿಗೆ.

ಅಶೋಕನನ್ನು ಹೊತ್ತು ಮೆರೆಸುವುದು ನಮ್ಮ ಉದ್ದೇಶವಲ್ಲ. ಕಳಿಂಗದಲ್ಲಿ ಒಂದು ಲಕ್ಷ ಜನ ಸತ್ತರು, ಒಂದೂವರೆ ಲಕ್ಷ ಜನರನ್ನು ಎತ್ತಿಕೊಂಡು ಹೋದರು ಅಂತ ಅವನ ಶಾಸನವೇ ಹೇಳುತ್ತದೆ. ಅದೇ ಶಾಸನದಲ್ಲಿ ಕಾಡಿನ ಜನಕ್ಕೆ ಎಚ್ಚರಿಕೆಯ ಮಾತೂ ಇದೆ. ದಾಸರನ್ನು, ಆಳುಗಳನ್ನು ಸರಿಯಾಗಿ ನಡೆಸಿಕೊಳ್ಳಿ ಎಂದ. ದಾಸ್ಯ ಬೇಡ ಎನ್ನಲಿಲ್ಲ. ಅವನ ‘ಖುದಕ’ ಇಂದಿನ ದಲಿತ ಅಂತ ನಾವು ಹೇಳೋದಿಲ್ಲ. ಇನ್ನೂ ಒಂದು ಮಾತು. ಈ ಕಡೆ ಅವನ ಶಾಸನಗಳು ಇಷ್ಟು ಒತ್ತಾಗಿ ಇರೋದಕ್ಕೆ ಇಲ್ಲಿನ ಚಿನ್ನವೂ ಕಾರಣ ಎಂದು ಆಲ್ಚಿನ್‌ರಂಥ ವಿದ್ವಾಂಸರು ಊಹಿಸಿದ್ದಾರೆ. ಲಿಂಗಸುಗೂರು ತಾಲೂಕಿನ ಹಟ್ಟಿಯಲ್ಲಿ ಬಹು ಹಿಂದಿನ ಕಾಲದ ಗಣಿಯ ಕುಳಿಗಳು ನೂರಾರು ಅಡಿ ಆಳಕ್ಕೆ ಇಳಿದಿದ್ದವು. ಆ ಆಳಕ್ಕೆ ಇಳಿದು ಬೆಂಕಿ ಹಾಕಿ ಕಲ್ಲು ಒಡೆದವರು ಉಡಾಲಕರಂತೂ ಅಲ್ಲ. ಧಮ್ಮವೂ ಚಿನ್ನವೂ ಒಂದೇ ದಾರಿಯಲ್ಲಿ ಓಡಾಡಿದವು. 1915ರಲ್ಲೂ ಚಿನ್ನ ಹುಡುಕಿದವನ ಕಣ್ಣಿಗೇ ಧಮ್ಮ ಬಿತ್ತು.

ಆದರೂ ಒಬ್ಬ ದೊರೆ, ದೊಡ್ಡವರಿಗೆ ಮಾತ್ರ ದಕ್ಕುತ್ತದೆ ಎಂದು ಕಾಣಬೇಡಿ ಅಂತ ಕಲ್ಲಿನಲ್ಲಿ ಕೊರೆಸಬೇಕಾಯಿತು ಅಂದರೆ ಹಾಗೆ ಕಾಣುವವರು ಆಗ ಬೇಕಾದಷ್ಟು ಇದ್ದರು ಅಂತಲೇ ಅರ್ಥ. ಮಾತು ಪ್ರಾಕೃತದ್ದು, ಲಿಪಿ ಬ್ರಾಹ್ಮಿ. ಸಣ್ಣವರಿಗೆ ಅದನ್ನು ಮುಟ್ಟಿಸಬೇಕಾದವರು ಅಧಿಕಾರಿಗಳು. ಕರ್ನೂಲು ಜಿಲ್ಲೆಯ ಎರ್ರಗುಡಿಯ ಶಾಸನ ಆ ಮಧ್ಯಸ್ಥರನ್ನು ಹೆಸರಿಸುತ್ತದೆ: ರಜ್ಜುಕ ಎಂಬ ಅಧಿಕಾರಿ, ಆನೆ ನಡೆಸುವವರು, ಬರೆಯುವ ಕರಣಿಕರು, ರಥ ಹೂಡುವುದನ್ನು ಕಲಿಸುವವರು, ಬ್ರಾಹ್ಮಣರು. ಇವರು ಹೇಳಿದರೆ ಉಂಟು, ಇಲ್ಲದಿದ್ದರೆ ಇಲ್ಲ. ಜ್ಞಾನ ಯಾವ ಕೈಗಳನ್ನು ದಾಟಿ ಬರಬೇಕೋ ಆ ಕೈಗಳಲ್ಲೇ ಅದು ನಿಂತುಹೋಗೋದು ನಮ್ಮ ದೇಶದ ಹಳೆ ರೋಗ.

ನಮ್ಮ ಅಜ್ಜಂದಿರ ಕಾಲಕ್ಕೆ ಈ ರೋಗದ ಭಾಷೆ ಉರ್ದು ಆಗಿತ್ತು. ಲಿಂಗಸುಗೂರು 1905ರವರೆಗೆ ನಿಜಾಮನ ಆಳ್ವಿಕೆಯಲ್ಲಿ ಒಂದು ಜಿಲ್ಲೆಯೇ ಆಗಿತ್ತು. ಆಮೇಲೆ ರಾಯಚೂರಿಗೆ ಸೇರಿತು. ಕಚೇರಿಯ ಕಾಗದ, ಕೋರ್ಟಿನ ತೀರ್ಪು, ಹೊಲದ ದಾಖಲೆ ಎಲ್ಲ ಉರ್ದುವಿನಲ್ಲಿ. ಕನ್ನಡವೇ ಓದಲು ಬಾರದವನು ಉರ್ದು ಕಾಗದಕ್ಕೆ ಹೆಬ್ಬೆಟ್ಟು ಒತ್ತುತ್ತಿದ್ದ. ಸಾಲ ತೀರಿಸಲು ಮೈ ಒತ್ತೆ ಇಡುವ ಜೀತಕ್ಕೆ ಸರ್ಕಾರಿ ಭಾಷೆಯಲ್ಲಿ ‘ಭಾಗೇಲ’ ಅಂತ ಹೆಸರು. 1936ರಲ್ಲಿ ನಿಜಾಮ ಸರ್ಕಾರವೇ ಅದಕ್ಕೆ ಒಂದು ನಿಬಂಧನೆ ತಂದಿತು ಅಂದರೆ ಎಷ್ಟು ಹಬ್ಬಿತ್ತು ನೋಡಿ. ಕಾಗದ ಕಣ್ಣಿಗೆ ಕಾಣುತ್ತಿತ್ತು, ಮಸಿ ಕಾಣುತ್ತಿತ್ತು, ತನ್ನ ಬೆರಳಿನ ಗುರುತೂ ಕಾಣುತ್ತಿತ್ತು. ತಾನು ಏನಕ್ಕೆ ಒಪ್ಪಿದೆ ಅನ್ನೋದು ಮಾತ್ರ ಕಾಣುತ್ತಿರಲಿಲ್ಲ. ಮಸ್ಕಿಯ ಬಂಡೆಯ ಮುಂದೆ ದನ ಕಾಯುತ್ತಿದ್ದವನದೂ ಇದೇ ಸ್ಥಿತಿ, ಆದರೆ ಬಂಡೆ ಅವನಿಗೆ ಕೇಡು ಮಾಡಿರಲಿಲ್ಲ.

ಹಾಗಂತ ಈ ನೆಲದ ಸಣ್ಣವರು ಬರೀ ಕಾಯುತ್ತ ಕೂತವರಲ್ಲ. ಇದೇ ಲಿಂಗಸುಗೂರು ತಾಲೂಕಿನ ಅಮರೇಶ್ವರ, 12ನೆಯ ಶತಮಾನದ ಆಯ್ದಕ್ಕಿ ಮಾರಯ್ಯ-ಲಕ್ಕಮ್ಮರ ಊರು ಎಂದು ಪರಂಪರೆ ಹೇಳುತ್ತದೆ. ಕಲ್ಯಾಣದಲ್ಲಿ ಚೆಲ್ಲಿದ ಅಕ್ಕಿ ಆಯ್ದು ತಂದು ದಾಸೋಹ ಮಾಡಿದ ದಂಪತಿ. ಒಂದು ದಿನ ಮಾರಯ್ಯ ಎಂದಿಗಿಂತ ಹೆಚ್ಚು ಅಕ್ಕಿ ತಂದ. ಲಕ್ಕಮ್ಮ ಅದನ್ನು ಒಳಗೆ ಬಿಟ್ಟುಕೊಳ್ಳದೆ, ಹೆಚ್ಚಿನದನ್ನು ಇದ್ದಲ್ಲೇ ಸುರಿದು ಬಾ ಅಂತ ಗಂಡನನ್ನು ಹಿಂದಕ್ಕೆ ಕಳಿಸಿದಳು. ನಾವು ಇದನ್ನು ಭಕ್ತಿಯ ಕತೆಯಾಗಿ ಓದುವುದಿಲ್ಲ. ನೆಲದ ಮೇಲೆ ಬಿದ್ದ ಅಕ್ಕಿಯಲ್ಲಿ ತನ್ನದು ಎಷ್ಟು, ಊರಿನದು ಎಷ್ಟು ಅಂತ ಕಾಣಬಲ್ಲ ಕಣ್ಣು ಅದು. ಯಾವ ಮಹಾಮಾತ್ರನೂ ಬಂದು ಓದಿ ಹೇಳಲಿಲ್ಲ. ಇವತ್ತು ಸಾರ್ವಜನಿಕ ನೀತಿ ಅಂತ ಸೆಮಿನಾರುಗಳಲ್ಲಿ ಕರೆಯುವುದನ್ನು ಒಬ್ಬ ಅಕ್ಕಿ ಆಯುವ ಹೆಂಗಸು ಹೊಸ್ತಿಲಲ್ಲಿ ನಿಂತು ತೀರ್ಮಾನಿಸಿದಳು, ಅದೂ ಗಂಡನಿಗೆ ಎದುರಾಗಿ. ಮೊರ ಹಿಡಿದ ಕೈಯಲ್ಲಿ ಜ್ಞಾನ ಇರುತ್ತದೆ ಎಂದು ಒಪ್ಪದ ನಮ್ಮ ತತ್ವಶಾಸ್ತ್ರದ ಪುಸ್ತಕಗಳಲ್ಲಿ ಆಕೆಗೆ ಜಾಗವಿಲ್ಲ.

ಸಿಂಧನೂರಿಗೆ ಬರೋಣ. ಎಡದಂಡೆ ಕಾಲುವೆಯ ನೀರು ಬಂದ ಮೇಲೆ ನಮ್ಮ ಜೋಳದ ಸೀಮೆ ಭತ್ತದ ಸೀಮೆಯಾಯಿತು, ಕ್ಯಾಂಪುಗಳು ಎದ್ದವು. ಆ ಕ್ಯಾಂಪುಗಳಲ್ಲಿ ಕೆಲವು ಬಂಗಾಳಿ ನಿರಾಶ್ರಿತರವು. ಪೂರ್ವ ಪಾಕಿಸ್ತಾನದಿಂದ ಬಂದು 1970ರ ಆಸುಪಾಸಿನಲ್ಲಿ ಇಲ್ಲಿ ನೆಲೆಯಾದವರು, ಹೆಚ್ಚಿನವರು ನಮಶೂದ್ರರು. 1946ರಲ್ಲಿ ಬಾಬಾಸಾಹೇಬರಿಗೆ ಸಂವಿಧಾನ ಸಭೆಗೆ ಹೋಗುವ ದಾರಿ ಬಂಗಾಳದಿಂದ ಸಿಕ್ಕಿತು. ಮುಂದೆ ನಿಂತು ಅದನ್ನು ಮಾಡಿಸಿದವರು ನಮಶೂದ್ರ ನಾಯಕ ಜೋಗೇಂದ್ರನಾಥ ಮಂಡಲರು. ಆ ಜನ ಬಂಗಾಳದಲ್ಲಿ ಪರಿಶಿಷ್ಟ ಜಾತಿ. ಪಟ್ಟಿ ರಾಜ್ಯವಾರು ಆದದ್ದರಿಂದ ಇಲ್ಲಿ ಆ ಪ್ರಮಾಣಪತ್ರಕ್ಕಾಗಿ ದಶಕಗಟ್ಟಲೆ ಅಲೆದಿದ್ದಾರೆ. ಊರಿನವರ ಕಣ್ಣಿಗೆ ಅವರ ಜಾತಿ ಬೇಗ ಕಂಡಿತು, ಕಾಗದದ ಕಣ್ಣಿಗೆ ಕಾಣಲಿಲ್ಲ. ಕಾಣಬಾರದ ಕಡೆ ಕಾಣೋದು, ಕಾಣಬೇಕಾದ ಕಡೆ ಕಾಣದೆ ಇರೋದು: ಜಾತಿಯ ಜಾಣತನ ಇಲ್ಲಿದೆ.

ಬಾಬಾಸಾಹೇಬರು 1948ರ ನವೆಂಬರ್ 4ರಂದು ಸಂವಿಧಾನ ಸಭೆಯಲ್ಲಿ, ಸಾಂವಿಧಾನಿಕ ನೀತಿ ಅನ್ನೋದು ಹುಟ್ಟಿನಿಂದ ಬರುವ ಭಾವನೆಯಲ್ಲ, ಅದನ್ನು ಬೆಳೆಸಬೇಕು, ನಮ್ಮ ಜನ ಅದನ್ನು ಇನ್ನೂ ಕಲಿಯಬೇಕಾಗಿದೆ ಎಂಬ ಅರ್ಥದ ಮಾತಾಡಿದರು. 1957ರಲ್ಲಿ, ಅವರು ತೀರಿಕೊಂಡ ಮೇಲೆ ಬಂದ ‘ಬುದ್ಧ ಮತ್ತು ಆತನ ಧಮ್ಮ’ದಲ್ಲಿ ಧಮ್ಮವನ್ನು ಮನುಷ್ಯ-ಮನುಷ್ಯರ ನಡುವಿನ ನಡತೆಯಾಗಿ ಬಿಡಿಸಿದರು. ಒಬ್ಬನೇ ಇದ್ದಾಗ ಅದರ ಅಗತ್ಯವಿಲ್ಲ, ಇಬ್ಬರಾದರೆ ತಪ್ಪಿಸಿಕೊಳ್ಳುವಂತಿಲ್ಲ. ಇಬ್ಬರಾದಾಗ ಮೊದಲು ನಡೆಯುವ ಕೆಲಸ ಒಬ್ಬರನ್ನೊಬ್ಬರು ಕಾಣೋದೇ ತಾನೆ?

ಕಲಬುರಗಿ ಕಡೆಯ ಸನ್ನತಿಯಲ್ಲಿ 1989ರಲ್ಲಿ ಇನ್ನೊಂದು ಅಶೋಕ ಶಾಸನ ಸಿಕ್ಕಿತು. ಚಂದ್ರಲಾಂಬೆಯ ಗುಡಿಯ ಆವರಣದಲ್ಲಿ ಕಾಳಿಯ ವಿಗ್ರಹಕ್ಕೆ ಪೀಠವಾಗಿದ್ದ ಕಲ್ಲು. ವಿಗ್ರಹ ಕೂರಿಸಲು ನಡುವೆ ತೂತು ಕೊರೆದಿದ್ದರು. ಅಲ್ಲಿನ ಅಕ್ಷರ ಹೋಗಿವೆ. ಉಳಿದ ಅಕ್ಷರಗಳಲ್ಲಿ, ಬೇರೆಯವರ ಮತವನ್ನು ಹೀಗಳೆಯಬೇಡಿ, ನಾಲಗೆ ಹಿಡಿತದಲ್ಲಿರಲಿ ಎಂಬ 12ನೆಯ ಶಾಸನ ಇದೆ. ನ್ಯಾಯ ಹೇಳುವ ಅಧಿಕಾರಿಗಳು ಸಿಟ್ಟು, ಆತುರ, ಆಲಸ್ಯ ಬಿಟ್ಟು ನಡೆಯಬೇಕು, ಕಾರಣವಿಲ್ಲದೆ ಯಾರನ್ನೂ ಸೆರೆಗೆ ಹಾಕಬಾರದು ಎಂಬ ಆಜ್ಞೆಯೂ ಇದೆ. ಈ ಆಜ್ಞೆಯನ್ನು ಹಬ್ಬದ ದಿನಗಳಲ್ಲಿ ಓದಿ ಕೇಳಿಸಬೇಕು, ಕೇಳುವವನು ಒಬ್ಬನೇ ಇದ್ದರೂ ಕೇಳಿಸಬೇಕು ಎಂದಿದೆ. ಆ ಒಬ್ಬನ ಬಗ್ಗೆ ನಮಗೆ ಬಹಳ ಕುತೂಹಲ.

ಮಸ್ಕಿಯಿಂದ ಬಂದ ಮೇಲೆ ನಮ್ಮ ಜೊತೆಯ ಮಾಸ್ತರೊಬ್ಬರು ಒಂಬತ್ತನೆಯ ತರಗತಿಗೆ ಈ ಎಂಟು ಸಾಲನ್ನೂ ಪಾಠ ಮಾಡಿದರು. ಕಿರುಪರೀಕ್ಷೆಯಲ್ಲಿ ಪ್ರಶ್ನೆ ಬದಲಿಸಿದರು: ಮಸ್ಕಿಯ ಶಾಸನ ಏನನ್ನು ಹಾಗೆ ಕಾಣಬಾರದು ಎನ್ನುತ್ತದೆ? ಹೆಚ್ಚಿನ ಮಕ್ಕಳು ಗೈಡು ನೋಡಿ, ಅದರಲ್ಲಿ ಅಶೋಕ ಎಂಬ ಹೆಸರಿದೆ ಅಂತಲೇ ಬರೆದರು. ಮಾಸ್ತರು ಸ್ವಲ್ಪ ಹೊತ್ತು ಕೆಂಪು ಪೆನ್ನು ಹಿಡಿದು ಕೂತು, ಅವರಿಗೆಲ್ಲ ಅರ್ಧರ್ಧ ಅಂಕ ಹಾಕಿದರು. ಮುಂದಿನ ಶನಿವಾರ ಮಕ್ಕಳನ್ನು ಕರೆದುಕೊಂಡು ಬಂಡೆಗೇ ಹೋಗೋದು ಅಂತ ಗೊತ್ತಾಗಿದೆ. ಚಹ ಮಸ್ಕಿಗೆ ಹೋಗಿಯೇ ಕುಡಿಯಬೇಕೋ, ದಾರಿಯ ಆ ಅಂಗಡಿಯಲ್ಲೇ ಇಳಿದು ಗ್ಲಾಸು ಕೇಳಬೇಕೋ ಎಂಬುದರ ಮೇಲೆ ನಮ್ಮಲ್ಲಿ ಚರ್ಚೆ ನಡೆದಿದೆ.